ಹಿಂದಕ್ಕೆ ಬಾಗಿದ ರೆಕ್ಕೆ

ಟೈಗರ್ ಮಾತ್ ವಿಮಾನದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದರ ರೆಕ್ಕೆಗಳ ಓರೆ. ಮೇಲೊಂದು ಜೋಡಿ, ಕೆಳಗೊಂದು ಜೋಡಿ. ಎರಡೂ ತುದಿಯ ಕಡೆಗೆ ಹೋಗುತ್ತ ಹೋಗುತ್ತ ಹಿಂದಕ್ಕೆ ಸರಿದಿವೆ, ಎದುರುಗಾಳಿಗೆ ಕಿವಿ ಹಿಂದೆ ಮಾಡಿ ನಿಂತ ಕರುವಿನ ಹಾಗೆ. ಇಂದಿನ ಜೆಟ್ ವಿಮಾನಗಳ ರೆಕ್ಕೆಯೂ ಹಿಂದಕ್ಕೆ ಬಾಗಿರುತ್ತದೆ, ಅದು ವೇಗಕ್ಕಾಗಿ. ಗಂಟೆಗೆ 175 ಕಿಲೋಮೀಟರ್ ಮುಟ್ಟುವಷ್ಟರಲ್ಲಿ ಏದುಸಿರು ಬಿಡುವ ಈ ಬಟ್ಟೆ-ಕಟ್ಟಿಗೆಯ ವಿಮಾನಕ್ಕೆ ಅಂಥ ಕಾರಣ ಎಲ್ಲಿಂದ ಬರಬೇಕು? ಇದರ ರೆಕ್ಕೆ ಬಾಗಿದ್ದು ಒಬ್ಬ ಮೇಷ್ಟ್ರ ಸಲುವಾಗಿ. ಆಕಾಶದಲ್ಲಿ ಏನಾದರೂ ಎಡವಟ್ಟಾದರೆ ಅವರು ಹೊರಗೆ ಧುಮುಕಬೇಕಿತ್ತು. ಧುಮುಕಲು ದಾರಿ ಇರಲಿಲ್ಲ.

ಕನ್ನಡದ ಕಿವಿಗೆ ‘ಮಾತ್’ ಎಂದರೆ ಮಾತು. ಇಂಗ್ಲಿಷಿನಲ್ಲಿ ಅದು ಪತಂಗ, ರಾತ್ರಿ ದೀಪಕ್ಕೆ ಮುತ್ತುವ ಜೀವ. ಇಂಗ್ಲೆಂಡಿನ ವಿಮಾನ ತಯಾರಕ ಜೆಫ್ರಿ ಡಿ ಹ್ಯಾವಿಲೆಂಡ್‌ಗೆ ವಿಮಾನದಷ್ಟೇ ಹುಚ್ಚು ಈ ಕೀಟಗಳದ್ದೂ ಇತ್ತು. 1925ರ ಫೆಬ್ರವರಿ 22ರಂದು ಲಂಡನ್ನಿನ ವಾಯವ್ಯ ಅಂಚಿನ ಸ್ಟ್ಯಾಗ್ ಲೇನ್ ಮೈದಾನದಲ್ಲಿ ಆತ ತಾನೇ ಹಾರಿಸಿ ನೋಡಿದ ಎರಡು ಸೀಟಿನ ಪುಟ್ಟ ಬೈಪ್ಲೇನಿನ ಕಾರ್ಖಾನೆ ಹೆಸರು ಡಿಎಚ್-60. ಅದರ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಸಣ್ಣ ಕೊಟ್ಟಿಗೆಯಲ್ಲೂ ನಿಲ್ಲಿಸಬಹುದಿತ್ತು. ಮಡಚಿದ ರೆಕ್ಕೆ ಪತಂಗವನ್ನು ನೆನಪಿಸಿತು, ಹೆಸರು ಅಂಟಿಕೊಂಡಿತು. ಆಮೇಲೆ ಆ ಕಾರ್ಖಾನೆಯಿಂದ ಪತಂಗಗಳ ಸಂತಾನವೇ ಹೊರಟಿತು: ಜಿಪ್ಸಿ ಮಾತ್, ಪುಸ್ ಮಾತ್, ಫಾಕ್ಸ್ ಮಾತ್, ಲೆಪರ್ಡ್ ಮಾತ್, ಹಾರ್ನೆಟ್ ಮಾತ್. ಟೈಗರ್ ಮಾತ್ ಎಂಬ ಹೆಸರನ್ನು 1927ರಲ್ಲೇ ಒಂದು ರೇಸ್ ವಿಮಾನಕ್ಕೆ ಇಟ್ಟಾಗಿತ್ತು. ಅದಕ್ಕೆ ಇದ್ದದ್ದು ಒಂದೇ ಜೊತೆ ರೆಕ್ಕೆ. ಎರಡೇ ಎರಡು ತಯಾರಾಗಿ ನಿಂತುಹೋದವು. ಹೆಸರು ಚೆನ್ನಾಗಿತ್ತು, ಎತ್ತಿಟ್ಟುಕೊಂಡರು.

ಮೊದಲ ಮಾತ್‌ನ ಇಂಜಿನ್ ಕತೆ ನಮ್ಮ ಗುಜರಿ ಮೆಕ್ಯಾನಿಕ್‌ಗಳಿಗೆ ಇಷ್ಟವಾಗುವಂಥದ್ದು. ಮೊದಲ ಮಹಾಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ಎಂಟು ಸಿಲಿಂಡರಿನ ರೆನೋ ಇಂಜಿನ್ನುಗಳು ರಾಶಿ ಬಿದ್ದಿದ್ದವು. ಫ್ರಾಂಕ್ ಹಾಲ್ಫರ್ಡ್ ಎಂಬ ಇಂಜಿನಿಯರ್ ಅದರ ಎರಡು ಸಾಲುಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡು, ಹೊಸ ಕ್ರ್ಯಾಂಕ್‌ಕೇಸಿಗೆ ಕೂರಿಸಿ, ನಾಲ್ಕು ಸಿಲಿಂಡರಿನ 60 ಅಶ್ವಶಕ್ತಿಯ ಇಂಜಿನ್ ಮಾಡಿದ. ಹೆಸರು ಸಿರಸ್. ಯುದ್ಧದ ದಾಸ್ತಾನು ಕರಗುತ್ತಾ ಬಂದಾಗ ಡಿ ಹ್ಯಾವಿಲೆಂಡ್ ಅದೇ ಹಾಲ್ಫರ್ಡ್‌ನಿಂದ ತನ್ನದೇ ಇಂಜಿನ್ ಮಾಡಿಸಿಕೊಂಡ. ಅದು ಜಿಪ್ಸಿ. 1930ರಲ್ಲಿ ಏಮಿ ಜಾನ್ಸನ್ ಎಂಬ ಯುವತಿ ಒಬ್ಬಳೇ ಇಂಗ್ಲೆಂಡಿನಿಂದ ಆಸ್ಟ್ರೇಲಿಯಾಕ್ಕೆ ಹಾರಿದ್ದು ಜಿಪ್ಸಿ ಮಾತ್‌ನಲ್ಲೇ.

ಜಿಪ್ಸಿಗೆ ಒಂದು ದೋಷ ಇತ್ತು. ಸಿಲಿಂಡರುಗಳು ಮೇಲೆ ಎದ್ದು ನಿಂತು ಪೈಲಟ್‌ನ ಕಣ್ಣಿಗೆ ಅಡ್ಡ ಬರುತ್ತಿದ್ದವು. ಹಾಲ್ಫರ್ಡ್ ಇಡೀ ಇಂಜಿನನ್ನೇ ತಲೆಕೆಳಗು ಮಾಡಿದ. ಕ್ರ್ಯಾಂಕ್ ಮೇಲೆ, ಸಿಲಿಂಡರುಗಳು ಬಾವಲಿಗಳಂತೆ ಕೆಳಗೆ ಜೋತುಬಿದ್ದವು. ವಿಮಾನದ ಮೂಗು ಮುಂದಕ್ಕೆ ಇಳಿಜಾರಾಯಿತು, ದಾರಿ ಕಂಡಿತು, ಪ್ರೊಪೆಲ್ಲರ್ ನೆಲದಿಂದ ಇನ್ನಷ್ಟು ಮೇಲೆ ಬಂತು. ಪ್ರತಿಫಲವಾಗಿ ಎಣ್ಣೆ ಪಿಸ್ಟನ್ನಿನ ಸಂದಿನಿಂದ ಕೆಳಗಿಳಿಯತೊಡಗಿತು. ನಿಂತ ವಿಮಾನದ ಕೆಳಗೆ ಎಣ್ಣೆಯ ಕಲೆ ಇದ್ದರೆ ಸಮಾಧಾನ; ಇಲ್ಲದಿದ್ದರೆ ಟ್ಯಾಂಕಿನಲ್ಲಿ ಎಣ್ಣೆ ಇದೆಯೋ ಇಲ್ಲವೋ ನೋಡಬೇಕು ಎಂಬ ತಮಾಷೆ ಹುಟ್ಟಿದ್ದು ಇಂಥ ಇಂಜಿನ್ನುಗಳ ಸಹವಾಸದಲ್ಲೇ. ಈ ತಲೆಕೆಳಗಾದ 120 ಅಶ್ವಶಕ್ತಿಯ ಇಂಜಿನ್ ಜಿಪ್ಸಿ-3.

ಅದೇ ಹೊತ್ತಿಗೆ ರಾಯಲ್ ಏರ್ ಫೋರ್ಸ್ ತನ್ನ ಹುಡುಗರಿಗೆ ಹಾರಾಟದ ಅಕ್ಷರಾಭ್ಯಾಸ ಮಾಡಿಸಲು ಹೊಸ ವಿಮಾನ ಹುಡುಕುತ್ತಿತ್ತು. ಮಾತ್ ಹಗುರ, ಅಗ್ಗ, ರಿಪೇರಿ ಸುಲಭ. ತಕರಾರು ಒಂದೇ. ಅದರಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಕೂರುತ್ತಾರೆ. ಮುಂದಿನದು ಮೇಷ್ಟ್ರ ಸೀಟು, ಹಿಂದಿನದು ಶಿಷ್ಯನದು. ಮೇಷ್ಟ್ರ ನೆತ್ತಿಯ ಮೇಲೇ ಮೇಲ್ರೆಕ್ಕೆಯ ನಡುಭಾಗ, ಅದೇ ಪೆಟ್ರೋಲ್ ಟ್ಯಾಂಕು. ಅದನ್ನು ಎತ್ತಿ ಹಿಡಿದ ಕಂಬಗಳು ಸುತ್ತ, ಬಿಗಿದ ತಂತಿಗಳು ಅಡ್ಡ. ಪ್ಯಾರಾಚೂಟಿನ ಗಂಟು ಕಟ್ಟಿಕೊಂಡು, ದಪ್ಪ ಚರ್ಮದ ಕೋಟು ಹಾಕಿಕೊಂಡ ಮನುಷ್ಯ ಆ ಪಂಜರದಿಂದ ಗಿರಗಿರ ತಿರುಗುವ ವಿಮಾನದಲ್ಲಿ ಹೇಗೆ ಈಚೆ ಬರಬೇಕು? ತಪ್ಪು ಮಾಡುವ ಶಿಷ್ಯ ಹಿಂದಿನ ಸೀಟಿನಿಂದ ಸಲೀಸಾಗಿ ಹಾರಿಕೊಳ್ಳುತ್ತಾನೆ, ತಿದ್ದಲು ಬಂದ ಮೇಷ್ಟ್ರು ಸಿಕ್ಕಿಬೀಳುತ್ತಾರೆ.

ಉತ್ತರ ಸರಳ: ಮೇಲ್ರೆಕ್ಕೆಯ ನಡುಭಾಗವನ್ನು ಮೇಷ್ಟ್ರ ತಲೆಯ ಮೇಲಿಂದ ಮುಂದಕ್ಕೆ ಸರಿಸುವುದು. ಸುಮಾರು ಒಂದೂವರೆ ಅಡಿ ಸರಿಸಿದರು. ಈಗ ಬೇರೆ ತೊಂದರೆ ಶುರುವಾಯಿತು. ಹೆಗಲ ಮೇಲೆ ಅಡ್ಡೆ ಹೊತ್ತವನನ್ನು ನೋಡಿದ್ದೀರಲ್ಲ, ಹೆಗಲು ನಡುವಿನಿಂದ ನಾಲ್ಕು ಬೆರಳು ಸರಿದರೂ ಒಂದು ತುದಿ ಜಗ್ಗುತ್ತದೆ. ರೆಕ್ಕೆಯೇ ವಿಮಾನವನ್ನು ಹೊರುವ ಹೆಗಲು. ಹೆಗಲು ಮುಂದೆ ಹೋದರೆ ಬಾಲ ಭಾರವಾಗಿ ನೇತಾಡುತ್ತದೆ. ನಡುಭಾಗವನ್ನು ಹಿಂದಕ್ಕೆ ತರುವ ಹಾಗಿಲ್ಲ, ಅಲ್ಲಿ ಮೇಷ್ಟ್ರ ದಾರಿ ಇದೆ. ಹಾಗಾದರೆ ತುದಿಗಳನ್ನು ಹಿಂದಕ್ಕೆ ಎಳೆಯೋಣ ಎಂದರು. ನಡು ಮುಂದೆ, ತುದಿ ಹಿಂದೆ. ಒಟ್ಟು ಲೆಕ್ಕ ಸರಿಹೋಯಿತು. ಕೆಲಸ ನಡೆದದ್ದು ನಕ್ಷೆಯ ಹಲಗೆಯ ಮೇಲಲ್ಲ, ಬಹುಪಾಲು ಸ್ಟ್ಯಾಗ್ ಲೇನಿನ ಒಂದು ಸಣ್ಣ ಷೆಡ್ಡಿನೊಳಗೆ. ಇಷ್ಟು ಸರಿಸಿ ನೋಡು, ಸಾಲದೆ, ಇನ್ನಷ್ಟು ಸರಿಸು. ನಮ್ಮೂರ ಬಡಗಿ ಗಾಡಿಯ ನೊಗ ಹೊಂದಿಸುವ ರೀತಿ.

ಹೊಂದಿಸಿದ್ದೂ ಒಂದೇ ಸಲಕ್ಕೆ ಸರಿಹೋಗಲಿಲ್ಲ. ಈ ವಿಮಾನ ನೆಲದ ಮೇಲೆ ಬಾಲ ಊರಿ, ಮೂಗು ಎತ್ತಿ ಕೂರುವಂಥದ್ದು. ಕೆಳರೆಕ್ಕೆಯ ತುದಿಗಳನ್ನು ಹಿಂದಕ್ಕೆ ಎಳೆದಾಗ ಅವು ನೆಲಕ್ಕೆ ಹತ್ತಿರವಾದವು. ಸ್ವಲ್ಪ ವಾಲಿದರೂ ಹುಲ್ಲು ಸವರುವಷ್ಟು. ಸರಿ, ಕೆಳರೆಕ್ಕೆಯನ್ನು ತುದಿಯ ಕಡೆ ಇನ್ನಷ್ಟು ಮೇಲಕ್ಕೆ ಎತ್ತಿದರು. ಮೇಷ್ಟ್ರ ಎರಡೂ ಪಕ್ಕಕ್ಕೆ ಕೆಳಗೆ ಬೀಳುವ ಬಾಗಿಲು ಬಂದವು, ದಾರಿಗೆ ಅಡ್ಡವಿದ್ದ ತಂತಿ ಜಾಗ ಬದಲಿಸಿತು. 1931ರ ಅಕ್ಟೋಬರ್ 26ರಂದು ಕಂಪನಿಯ ಪೈಲಟ್ ಹ್ಯೂಬರ್ಟ್ ಬ್ರಾಡ್ ಸ್ಟ್ಯಾಗ್ ಲೇನಿನಿಂದ ಹೊಸ ವಿಮಾನವನ್ನು ಮೇಲಕ್ಕೆ ಒಯ್ದ. ಡಿಎಚ್-82 ಟೈಗರ್ ಮಾತ್. ಏರ್ ಫೋರ್ಸಿನ ಮೊದಲ ಆರ್ಡರು 35. 1932ರ ಫೆಬ್ರವರಿಯಿಂದ ಅವು ಸೆಂಟ್ರಲ್ ಫ್ಲೈಯಿಂಗ್ ಸ್ಕೂಲಿಗೆ ಬರತೊಡಗಿದವು, ಎಂದರೆ ಮೇಷ್ಟ್ರುಗಳನ್ನೇ ತಯಾರಿಸುವ ಶಾಲೆಗೆ. ಇದಕ್ಕಿಂತ ತಕ್ಕ ಜಾಗ ಬೇರೆ ಇರಲಿಲ್ಲ.

ನಂತರ ಬಂದ 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಇಂಜಿನ್ನಿನ ಟೈಗರ್ ಮಾತ್ ಲೋಕಕ್ಕೆಲ್ಲ ಪರಿಚಯವಾದದ್ದು. ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ 8.94 ಮೀಟರ್, ಮೂಗಿನಿಂದ ಬಾಲಕ್ಕೆ 7.29 ಮೀಟರ್, ಖಾಲಿ ತೂಕ ಸುಮಾರು 506 ಕಿಲೋ. ಒಡಲಿಗೆ ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಹಂದರ, ರೆಕ್ಕೆಗೆ ಸ್ಪ್ರೂಸ್ ಮರದ ತೊಲೆ-ಪಕ್ಕೆಗಳು, ಮೇಲೆ ಹೊಲಿದ ಬಟ್ಟೆ. ಬಟ್ಟೆಗೆ ಡೋಪ್ ಎಂಬ ಅಂಟುದ್ರವ ಬಳಿದರೆ ಅದು ಒಣಗುತ್ತಾ ಸೆಳೆದುಕೊಂಡು ತಮಟೆಯ ಚರ್ಮದ ಹಾಗೆ ಬಿಗಿಯುತ್ತದೆ. ಬೆರಳಿನಿಂದ ತಟ್ಟಿದರೆ ನಾದವೂ ಹಾಗೇ.

ವಿಮಾನದಲ್ಲಿ ಏನಿಲ್ಲ ಎಂದು ಹೇಳುವುದೇ ಸುಲಭ. ಬ್ರೇಕ್ ಇಲ್ಲ. ಬಾಲದ ಕೆಳಗೆ ಚಕ್ರವಿಲ್ಲ, ನೆಲ ಕೆರೆಯುವ ಒಂದು ಊರುಗೋಲು ಇದೆ. ಬ್ಯಾಟರಿ ಇಲ್ಲ, ಸೆಲ್ಫ್ ಸ್ಟಾರ್ಟರ್ ಇಲ್ಲ. ಪೆಟ್ರೋಲ್ ಪಂಪೂ ಇಲ್ಲ, ತಲೆಯ ಮೇಲಿನ 86 ಲೀಟರಿನ ಟ್ಯಾಂಕಿನಿಂದ ಓವರ್‌ಹೆಡ್ ಟ್ಯಾಂಕಿನ ನೀರಿನಂತೆ ತಾನಾಗಿ ಇಳಿದು ಬರುತ್ತದೆ. ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಲು ಟ್ಯಾಂಕಿನ ನೆತ್ತಿಯ ಮೇಲೆ ಒಂದು ಗಾಜಿನ ನಳಿಗೆ, ಒಳಗೆ ತೇಲುವ ಬೆಂಡಿಗೆ ಸಿಕ್ಕಿಸಿದ ಸಣ್ಣ ಕಡ್ಡಿ. ಟ್ಯಾಂಕು ತುಂಬಿದ್ದರೆ ಕಡ್ಡಿ ಮೇಲೆ, ಖಾಲಿಯಾಗುತ್ತಾ ಬಂದರೆ ಕೆಳಗೆ. ಹಿಂದೆ ಕೂತ ಶಿಷ್ಯನೂ ಕತ್ತೆತ್ತಿ ನೋಡಬಹುದು. ಕೆಲವು ವಿಮಾನಗಳಲ್ಲಿ ವೇಗ ತಿಳಿಸುವ ಸಾಧನವೂ ಹೀಗೇ: ರೆಕ್ಕೆಗಳ ನಡುವಿನ ಕಂಬಕ್ಕೆ ಕಟ್ಟಿದ ತಗಡಿನ ಎಲೆ, ಗಾಳಿ ತಳ್ಳಿದಷ್ಟು ಸ್ಪ್ರಿಂಗಿನ ವಿರುದ್ಧ ಹಿಂದೆ ಸರಿದು ಅಂಕಿ ತೋರಿಸುತ್ತದೆ.

ಶುರು ಮಾಡುವುದೇ ಒಂದು ವಿಧಿ. ಮೆಕ್ಯಾನಿಕ್ ಇಂಜಿನ್ನಿನ ಬದಿಯ ಮುಚ್ಚಳ ಎತ್ತಿ, ಕಾರ್ಬ್ಯುರೇಟರಿನ ಗುಂಡಿಯನ್ನು ಬೆರಳಿನಿಂದ ಒತ್ತಿ ಹಿಡಿಯುತ್ತಾನೆ. ಪೆಟ್ರೋಲ್ ಉಕ್ಕಿ ತೊಟ್ಟಿಕ್ಕಬೇಕು. ನಮ್ಮ ಹಳೆಯ ಬುಲೆಟ್ ಬೈಕುಗಳನ್ನು ಚಳಿಯಲ್ಲಿ ಒದ್ದವರಿಗೆ ಈ ಗುಂಡಿ ಹೊಸದಲ್ಲ. ಮ್ಯಾಗ್ನೆಟೋ ಸ್ವಿಚ್ಚುಗಳು ಸೀಟಿನ ಹೊರಮೈಯಲ್ಲಿ, ಕೆಳಗೆ ನಿಂತವನಿಗೂ ಕಾಣುವಂತೆ ಇರುತ್ತವೆ. ಅದಕ್ಕೆ ಕಾರಣ ಇದೆ. ಸ್ವಿಚ್ ಆಫ್ ಇದೆ ಎಂದು ನಂಬಿ ಪ್ರೊಪೆಲ್ಲರಿಗೆ ಕೈ ಹಾಕುವವನ ಜೀವ ಆ ಗುಬುಟಿನಲ್ಲಿದೆ. ಅವನು ಮರದ ಪ್ರೊಪೆಲ್ಲರನ್ನು ನಾಲ್ಕು ಸುತ್ತು ನಿಧಾನ ತಿರುಗಿಸಿ ಇಂಜಿನ್ನಿಗೆ ಪೆಟ್ರೋಲ್ ಕುಡಿಸುತ್ತಾನೆ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು ಕೂಗುತ್ತಾನೆ, ‘ಕಾಂಟ್ಯಾಕ್ಟ್!’ ಸೀಟಿನಲ್ಲಿದ್ದವನು ಸ್ವಿಚ್ ಮೇಲಕ್ಕೆ ತಳ್ಳಿ ಅದೇ ಪದ ಕೂಗುತ್ತಾನೆ. ಒಂದು ಎಳೆತ. ಹಿಡಿದರೆ ಹಿಡಿಯಿತು, ಇಲ್ಲದಿದ್ದರೆ ಸ್ವಿಚ್ ಆಫ್, ಮತ್ತೆ ಮೊದಲಿಂದ.

ಮೇಷ್ಟ್ರು-ಶಿಷ್ಯರ ಮಾತಿಗೆ ಇದ್ದದ್ದು ಒಂದು ಕೊಳವೆ. ಮೊದಲ ಮಹಾಯುದ್ಧದಲ್ಲಿ ಗಾಸ್‌ಪೋರ್ಟ್ ಎಂಬ ಊರಿನಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ನಡೆಸಿದ ಹಾರಾಟ ಶಾಲೆಯಿಂದ ಬಂದದ್ದಾದ್ದರಿಂದ ಗಾಸ್‌ಪೋರ್ಟ್ ಕೊಳವೆ ಎಂದೇ ಹೆಸರು. ಒಂದು ತುದಿಗೆ ಬಾಯಿ, ಇನ್ನೊಂದು ತುದಿ ಟೊಪ್ಪಿಯ ಕಿವಿಗೆ. ಡಾಕ್ಟರ ಸ್ಟೆತಸ್ಕೋಪಿನ ದೊಡ್ಡಣ್ಣ. ಗಾಳಿಯ ಭೋರ್ಗರೆತದ ನಡುವೆ ಮೇಷ್ಟ್ರ ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತೇನೋ. ಶಿಷ್ಯ ಮೊದಲ ಸಲ ಒಬ್ಬನೇ ಹಾರುವ ದಿನ ಮೇಷ್ಟ್ರು ಇಳಿದು ನಿಲ್ಲುತ್ತಾರೆ. ಆಗಲೂ ಅವನು ಹಿಂದಿನ ಸೀಟಿನಲ್ಲೇ ಕೂರಬೇಕು, ತೂಕ ಹೊಂದುವುದು ಹಾಗೆ. ಅಷ್ಟು ದಿನ ಕಣ್ಣ ಮುಂದೆ ಇದ್ದ ಆ ಬೆನ್ನು, ಆ ಚರ್ಮದ ಟೊಪ್ಪಿ ಈಗ ಇಲ್ಲ. ಮುಂದಿನ ಸೀಟಿನ ಗುಳಿ ಖಾಲಿ.

ಕಸರತ್ತಿನ ವಿಚಾರಕ್ಕೆ ಬರೋಣ. ರೆಕ್ಕೆಯ ಹಿಂದಂಚಿನಲ್ಲಿರುವ, ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುವ ಪಟ್ಟಿಗೆ ಏಲೆರಾನ್ ಎನ್ನುತ್ತಾರೆ. ಟೈಗರ್ ಮಾತ್‌ಗೆ ಅದು ಕೆಳರೆಕ್ಕೆಯಲ್ಲಿ ಮಾತ್ರ. ಅದೇ ಕಾಲದ ಎದುರಾಳಿಗಳು, ಬೆಲ್ಜಿಯಮ್ಮಿನ ಸ್ಟಾಂಪ್ ಎಸ್‌ವಿ-4 ಮತ್ತು ಜರ್ಮನಿಯ ಬ್ಯೂಕರ್ ಯುಂಗ್‌ಮಾನ್, ನಾಲ್ಕೂ ರೆಕ್ಕೆಗೆ ಏಲೆರಾನ್ ಹಚ್ಚಿಕೊಂಡು ಚುರುಕಾಗಿ ಹೊರಳುತ್ತಿದ್ದವು. ಬರೀ ಕಸರತ್ತಿಗೆಂದು ಕೇಳಿದರೆ ನಾನು ಯುಂಗ್‌ಮಾನ್ ಕಡೆ ಕೈ ಎತ್ತುತ್ತೇನೆ. ಟೈಗರ್ ಮಾತ್‌ನ ಸ್ಟಿಕ್ಕನ್ನು ಪಕ್ಕಕ್ಕೆ ನೂಕಿದರೆ ಅದು ಕೇಳಿಸಿಕೊಂಡು, ಯೋಚಿಸಿ, ಆಮೇಲೆ ವಾಲುತ್ತದೆ.

ಇದರಲ್ಲೂ ಒಂದು ಜಾಣತನ ಅಡಗಿದೆ. ಕೆಳಗಿಳಿದ ಏಲೆರಾನ್ ಆ ಕಡೆಯ ರೆಕ್ಕೆಯನ್ನು ಎತ್ತುವುದರ ಜೊತೆಗೆ ಗಾಳಿಗೆ ಅಡ್ಡ ನಿಂತು ಹಿಂದಕ್ಕೂ ಎಳೆಯುತ್ತದೆ. ಎಡಕ್ಕೆ ವಾಲಿಸಲು ಹೋದರೆ ಮೂಗು ಬಲಕ್ಕೆ ತಿರುಗುತ್ತದೆ, ಹಟಮಾರಿ ಎತ್ತಿನಂತೆ. ಡಿ ಹ್ಯಾವಿಲೆಂಡ್ ಕೆಳರೆಕ್ಕೆಯೊಳಗೆ ಒಂದು ಗಾಲಿ-ಕಡ್ಡಿಯ ಹೊಂದಿಕೆ ಇಟ್ಟ: ಒಂದು ಕಡೆಯ ಏಲೆರಾನ್ ಧಾರಾಳವಾಗಿ ಮೇಲೇಳುತ್ತದೆ, ಇನ್ನೊಂದು ಕೆಳಗೆ ಇಳಿದಂತೆ ಮಾಡಿ ಸ್ಟಿಕ್ಕನ್ನು ಪೂರ್ತಿ ನೂಕುವಷ್ಟರಲ್ಲಿ ಮತ್ತೆ ಸಮಕ್ಕೆ ಬಂದು ನಿಲ್ಲುತ್ತದೆ. ಹಟ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದನ್ನು ಶಿಷ್ಯ ಕಾಲಿನಿಂದ, ರಡ್ಡರ್ ಒತ್ತಿ ತಿದ್ದಬೇಕು. ಮರೆತರೆ ವಿಮಾನ ಪಕ್ಕಕ್ಕೆ ಜಾರುತ್ತದೆ, ಗಾಳಿ ಒಂದು ಕೆನ್ನೆಗೆ ರಪ್ಪನೆ ಹೊಡೆಯುತ್ತದೆ. ಮೇಷ್ಟ್ರು ಬಾಯಿ ಬಿಡುವ ಮೊದಲೇ ತಪ್ಪು ಗೊತ್ತಾಯಿತು. ಹಾರಿಸುವುದು ಸುಲಭ, ಚೆನ್ನಾಗಿ ಹಾರಿಸುವುದು ಕಷ್ಟ ಎಂದು ಇದನ್ನು ಹಾರಿಸಿದವರು ಹೇಳುತ್ತಿದ್ದದ್ದು ಇದೇ ಕಾರಣಕ್ಕೆ. ಯುಂಗ್‌ಮಾನ್‌ನ ಚುರುಕು ಒಳ್ಳೆಯ ಪೈಲಟ್‌ನ ಕೈಗೆ ಹಬ್ಬ. ಆದರೆ ಕಲಿಯುವವನಿಗೆ ತಪ್ಪನ್ನು ಮುಚ್ಚಿಡದ, ತಪ್ಪಿಗೆ ಪ್ರಾಣವನ್ನೂ ಕೇಳದ ವಿಮಾನ ಬೇಕಿತ್ತು.

ಲೂಪ್ ಹಾಕಲು ಈ ವಿಮಾನ ಮೊದಲು ಬೆಟ್ಟ ಇಳಿಯುವ ಸೈಕಲ್ಲಿನಂತೆ ಮೂಗು ತಗ್ಗಿಸಿ ವೇಗ ಕೂಡಿಸಿಕೊಳ್ಳಬೇಕು. ಗಂಟೆಗೆ ಸುಮಾರು 190 ಕಿಲೋಮೀಟರ್ ಮುಟ್ಟಿದಾಗ ತಂತಿಗಳ ಸ್ವರ ಏರುತ್ತದೆ. ಸ್ಟಿಕ್ ಹಿಂದಕ್ಕೆ ಎಳೆದರೆ ದಿಗಂತ ಕೆಳಗೆ ಮಾಯ, ಬರೀ ಆಕಾಶ. ತಲೆ ಹಿಂದಕ್ಕೆ ಚೆಲ್ಲಿ ನೋಡಿದರೆ ಹೊಲ-ಗದ್ದೆ ನೆತ್ತಿಯ ಮೇಲಿಂದ ಇಳಿದು ಬರುತ್ತದೆ. ನಿಧಾನವಾಗಿ ಉರುಳುವ ರೋಲ್‌ನಲ್ಲಿ ಇನ್ನೂ ತಮಾಷೆ. ವಿಮಾನ ಅಂಗಾತವಾದಾಗ ಕಾರ್ಬ್ಯುರೇಟರಿನ ತೇಲುಬೆಂಡೂ ತಲೆಕೆಳಗಾಗಿ ಇಂಜಿನ್ ಉಸಿರು ನಿಲ್ಲಿಸುತ್ತದೆ. ಬೆಲ್ಟಿಗೆ ಜೋತುಬಿದ್ದ ಮನುಷ್ಯನ ಮುಖಕ್ಕೆ ಸೀಟಿನಡಿಯ ಧೂಳು ಸುರಿಯುತ್ತದೆ, ಗಾಳಿಯ ಸುಂಯ್ ಮಾತ್ರ ಕೇಳುತ್ತದೆ. ನೆಟ್ಟಗಾದಾಗ ಇಂಜಿನ್ ಕೆಮ್ಮಿ ಮತ್ತೆ ಹಿಡಿದುಕೊಳ್ಳುತ್ತದೆ. ಸೆಂಟ್ರಲ್ ಫ್ಲೈಯಿಂಗ್ ಸ್ಕೂಲಿನ ಮೇಷ್ಟ್ರುಗಳು 1930ರ ದಶಕದಲ್ಲಿ ಪೆಟ್ರೋಲ್ ವ್ಯವಸ್ಥೆಯನ್ನು ಬದಲಿಸಿಕೊಂಡು, ಹೆಂಡನ್‌ನ ಪ್ರದರ್ಶನಗಳಲ್ಲಿ ಸಾಲಾಗಿ ಅಂಗಾತ ಹಾರಿ ಜನರನ್ನು ಬೆರಗುಗೊಳಿಸಿದರು.

ಯುದ್ಧ ಬಂತು. 1939ರ ಡಿಸೆಂಬರಿನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಸೇರಿ ಪೈಲಟ್ ತರಬೇತಿಯ ಬೃಹತ್ ಒಪ್ಪಂದ ಮಾಡಿಕೊಂಡವು. ಹ್ಯಾಟ್‌ಫೀಲ್ಡಿನಲ್ಲಿದ್ದ ಡಿ ಹ್ಯಾವಿಲೆಂಡ್ ಕಾರ್ಖಾನೆಗೆ ಮಸ್ಕಿಟೊ ಬಾಂಬರ್ ತಯಾರಿಸಲು ಜಾಗ ಬೇಕಾಗಿ ಟೈಗರ್ ಮಾತ್ ಕೆಲಸ ಕೌಲಿಯ ಮಾರಿಸ್ ಕಾರು ಕಾರ್ಖಾನೆಗೆ ಹೋಯಿತು. ಕಾರು ಮಾಡುತ್ತಿದ್ದವರು 3,400ಕ್ಕೂ ಹೆಚ್ಚು ವಿಮಾನ ಮಾಡಿದರು. ಕೆನಡಾದವರು ತಮ್ಮ ಚಳಿಗೆ ತಕ್ಕಂತೆ ಗಾಜಿನ ಮುಚ್ಚಿಗೆ ಹಾಕಿ, ಬ್ರೇಕ್ ಕೂರಿಸಿ, ಬಾಲಕ್ಕೆ ಚಕ್ರ ಕೊಟ್ಟರು. ಎಲ್ಲ ದೇಶಗಳ ಲೆಕ್ಕ ಸೇರಿ 8,000ಕ್ಕೂ ಮೇಲೆ. ಎಂಟು-ಹತ್ತು ಗಂಟೆ ಮೇಷ್ಟ್ರ ಜೊತೆ ಹಾರಿ ಆಮೇಲೆ ಒಂಟಿಯಾಗಿ ಹಾರಿದ ಹುಡುಗರು ಮುಂದೆ ಸ್ಪಿಟ್‌ಫೈರ್, ಲ್ಯಾಂಕಾಸ್ಟರ್ ಹತ್ತಿದರು. ಎಷ್ಟೋ ಜನ ಹಿಂದಿರುಗಲಿಲ್ಲ.

1940ರ ಬೇಸಿಗೆಯಲ್ಲಿ ಜರ್ಮನರು ಇಂಗ್ಲಿಷ್ ಕಾಲುವೆ ದಾಟಿ ಬರುತ್ತಾರೆಂಬ ಭಯಕ್ಕೆ ಈ ಪಾಪದ ವಿಮಾನದ ಹೊಟ್ಟೆಗೂ ಒಂಬತ್ತು ಕಿಲೋ ತೂಕದ ಎಂಟು ಬಾಂಬುಗಳನ್ನು ಕಟ್ಟುವ ಏರ್ಪಾಡಾಯಿತು. ದಡಕ್ಕೆ ಬಂದಿಳಿಯುವ ಸೈನ್ಯದ ಮೇಲೆ ಮೇಷ್ಟ್ರುಗಳೂ ಶಿಷ್ಯರೂ ಗಂಟೆಗೆ ನೂರೈವತ್ತು ಕಿಲೋಮೀಟರಿನಲ್ಲಿ ಹೋಗಿ ಬಾಂಬು ಹಾಕಬೇಕು! ಜರ್ಮನರು ಬರಲಿಲ್ಲ, ಬದುಕಿದವರು ಮೇಷ್ಟ್ರುಗಳು. ಆದರೆ ಬಾಂಬು ಕಟ್ಟುವ ಸಲಕರಣೆ ಮತ್ತು ಏಲೆರಾನ್‌ಗೆ ಸೇರಿಸಿದ ತೂಕದಿಂದಾಗಿ ವಿಮಾನದ ಸ್ವಭಾವ ಕೆಟ್ಟಿತು. ಬುಗುರಿಯಂತೆ ತಿರುಗುತ್ತಾ ಬೀಳುವ ಸ್ಪಿನ್‌ನಿಂದ ಮೊದಲಿನಂತೆ ಸಲೀಸಾಗಿ ಹೊರಬರುತ್ತಿರಲಿಲ್ಲ. ಕೊನೆಗೆ ಬಾಲದ ಅಡ್ಡರೆಕ್ಕೆಯ ಮುಂದೆ ಒಡಲಿನ ಎರಡೂ ಬದಿಗೆ ತೆಳುವಾದ ಪಟ್ಟಿಗಳನ್ನು ಕೂರಿಸಿದರು. ಹಳೆಯ ಫೋಟೋಗಳಲ್ಲಿ ಆ ಪಟ್ಟಿ ಇದ್ದರೆ ವಿಮಾನ ಯುದ್ಧಕಾಲದ ರಿಪೇರಿ ಕಂಡಿದೆ ಎಂದು ಹೇಳಬಹುದು.

ಇದಕ್ಕೊಬ್ಬ ವಿಚಿತ್ರ ಸಹೋದರಿಯೂ ಇದ್ದಳು, 1935ರ ‘ಕ್ವೀನ್ ಬೀ’. ಎಂದರೆ ರಾಣಿ ಜೇನು. ಅಗ್ಗದ ಮರದ ಒಡಲಿಗೆ ಟೈಗರ್ ಮಾತ್‌ನ ರೆಕ್ಕೆ ಮತ್ತು ಇಂಜಿನ್, ಒಳಗೆ ಮನುಷ್ಯನಿಲ್ಲ. ರೇಡಿಯೋ ಸಂಕೇತದಿಂದ ಹಾರುತ್ತಿತ್ತು, ವಿಮಾನ ಹೊಡೆಯುವ ಫಿರಂಗಿಯವರಿಗೆ ಗುರಿಯಾಗಲು. ಸುಮಾರು 400 ತಯಾರಾದವು. ಗಂಡು ಜೇನಿಗೆ ಇಂಗ್ಲಿಷಿನಲ್ಲಿ ಡ್ರೋನ್ ಎನ್ನುತ್ತಾರೆ. ಇವತ್ತು ಮದುವೆ ಮನೆಯ ಮೇಲೆ ಗುಂಯ್‌ಗುಡುವ ಡ್ರೋನಿಗೆ ಆ ಹೆಸರು ಬಂದದ್ದು ಈ ರಾಣಿಯ ದೆಸೆಯಿಂದ ಎನ್ನುವುದು ಬಹಳ ಜನ ಒಪ್ಪಿರುವ ಮಾತು. ಪೈಲಟ್‌ಗಳನ್ನು ತಯಾರಿಸುವ ವಿಮಾನದ ಬಳಗದಿಂದಲೇ ಪೈಲಟ್ ಬೇಡವಾದ ವಿಮಾನ ಬಂತು.

ನಮ್ಮ ಕಡೆಗೆ ಪತಂಗಗಳು ಯುದ್ಧಕ್ಕೂ ಮೊದಲೇ ಬಂದಿದ್ದವು. 1920ರ ದಶಕದ ಕೊನೆಗೆ ದೆಹಲಿ, ಕರಾಚಿ, ಮುಂಬಯಿಗಳಲ್ಲಿ ಫ್ಲೈಯಿಂಗ್ ಕ್ಲಬ್ಬುಗಳು ಶುರುವಾದಾಗ ಅಲ್ಲಿ ಇದ್ದದ್ದು ಮಾತ್‌ಗಳೇ. 1929ರ ಫೆಬ್ರವರಿಯಲ್ಲಿ ಜೆ.ಆರ್.ಡಿ. ಟಾಟಾ ಮುಂಬಯಿಯಲ್ಲಿ ಲೈಸೆನ್ಸ್ ಪಡೆದರು. ಮರುವರ್ಷ ಇಂಗ್ಲೆಂಡ್-ಭಾರತದ ನಡುವೆ ಒಬ್ಬನೇ ಹಾರಿದ ಮೊದಲ ಭಾರತೀಯನಿಗೆ ಆಗಾ ಖಾನ್ ಸಾರಿದ್ದ ಬಹುಮಾನಕ್ಕಾಗಿ ಟಾಟಾ ಕರಾಚಿಯಿಂದ ಆ ಕಡೆಗೆ, ಹದಿಹರೆಯದ ಆಸ್ಪಿ ಇಂಜಿನಿಯರ್ ಇಂಗ್ಲೆಂಡಿನಿಂದ ಈ ಕಡೆಗೆ ಜಿಪ್ಸಿ ಮಾತ್‌ಗಳಲ್ಲಿ ಹೊರಟರು. ದಾರಿಯಲ್ಲಿ ಈಜಿಪ್ಟಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಕೂತಿದ್ದ ಆಸ್ಪಿಗೆ ಟಾಟಾ ತಮ್ಮ ಪ್ಲಗ್ ಕೊಟ್ಟರು. ಬಹುಮಾನ ಆಸ್ಪಿಗೆ ಹೋಯಿತು. ಮುಂದೆ ಅವರು ಭಾರತೀಯ ವಾಯುಪಡೆಯ ಮುಖ್ಯಸ್ಥರೂ ಆದರು.

1932ರ ಅಕ್ಟೋಬರ್ 15. ಟಾಟಾ ಒಂದು ಪುಸ್ ಮಾತ್‌ನಲ್ಲಿ ಟಪಾಲು ಚೀಲ ಹಾಕಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವು. ಮುಂಬಯಿಯಿಂದ ಮುಂದಕ್ಕೆ ಜೊತೆಗಾರ ನೆವಿಲ್ ವಿನ್ಸೆಂಟ್ ಚೀಲಗಳನ್ನು ಹೊತ್ತು ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಹೋದರು. ಬಳ್ಳಾರಿ ಆಗ ಮದರಾಸು ಪ್ರಾಂತ್ಯದ ಊರು. ಪುಸ್ ಮಾತ್ ಮೇಲೊಂದೇ ರೆಕ್ಕೆಯ, ಮುಚ್ಚಿದ ಕ್ಯಾಬಿನ್ನಿನ ವಿಮಾನ, ಕಸರತ್ತಿಗೂ ಅದಕ್ಕೂ ದೂರ. ಆದರೆ ಅದರ ಮೂಗಿನಲ್ಲಿ ಇದ್ದದ್ದು ಅದೇ ತಲೆಕೆಳಗಾದ ಜಿಪ್ಸಿ-3, ಸ್ಟ್ಯಾಗ್ ಲೇನಿನಲ್ಲಿ ಒಂದು ವರ್ಷದ ಹಿಂದೆ ಮೊದಲ ಟೈಗರ್ ಮಾತನ್ನು ಮೇಲೆತ್ತಿದ ಇಂಜಿನ್ನಿನ ಜಾತಿ. ಬಳ್ಳಾರಿಯ ಬಿಸಿಲಿಗೆ ಅದರ ಎಣ್ಣೆ ತೊಟ್ಟಿಕ್ಕಿಯೇ ಇರುತ್ತದೆ.

ಯುದ್ಧದ ದಿನಗಳಲ್ಲಿ ನಿಜಾಮರ ಹೈದರಾಬಾದಿನ ಬೇಗಂಪೇಟೆ ಮತ್ತು ರಾಜಸ್ತಾನದ ಜೋಧಪುರದಲ್ಲಿ ವಾಯುಪಡೆಯ ಪ್ರಾಥಮಿಕ ಹಾರಾಟ ಶಾಲೆಗಳು ನಡೆದವು. ಎರಡೂ ಕಡೆ ಟೈಗರ್ ಮಾತ್. ಮಧ್ಯಾಹ್ನದ ಕಾದ ಗಾಳಿಯಲ್ಲಿ ಹಗುರ ವಿಮಾನ ಬೆಂಕಿಯ ಮೇಲಿನ ಹಪ್ಪಳದಂತೆ ಎಗರುತ್ತದೆ, ಹೊತ್ತೇರುವ ಮೊದಲೇ ಪಾಠ ಮುಗಿಸಬೇಕು. ಸ್ವಾತಂತ್ರ್ಯ ಬಂದಾಗಲೂ ನಮ್ಮ ವಾಯುಪಡೆಯ ಹುಡುಗರು ಮೊದಲು ಹತ್ತಿದ್ದು ಇದನ್ನೇ.

ಅತ್ತ ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಟೈಗರ್ ಮಾತ್‌ಗಳು ಕಾಸಿಗೆ ಕೊಸರಿಗೆ ಮಾರಾಟವಾದವು. ನ್ಯೂಜಿಲೆಂಡಿನ ರೈತರು ಮುಂದಿನ ಸೀಟು ಕಿತ್ತು, ಅಲ್ಲಿ ಗೊಬ್ಬರದ ಡಬ್ಬ ಕೂರಿಸಿ, ಗುಡ್ಡಗಾಡಿನ ಹುಲ್ಲುಗಾವಲಿಗೆ ಆಕಾಶದಿಂದ ಸೂಪರ್‌ಫಾಸ್ಫೇಟ್ ಎರಚಿದರು. ಇಂಗ್ಲೆಂಡಿನಲ್ಲಿ 1956ರಲ್ಲಿ ನಾರ್ಮನ್ ಜೋನ್ಸ್ ಕಟ್ಟಿದ ಟೈಗರ್ ಕ್ಲಬ್ ನಾಲ್ಕು ವಿಮಾನಗಳನ್ನು ಕಸರತ್ತಿಗೆಂದೇ ತಿದ್ದಿ ‘ಬಿಷಪ್’, ‘ಆರ್ಚ್‌ಬಿಷಪ್’, ‘ಕ್ಯಾನನ್’, ‘ಡೀಕನ್’ ಎಂದು ಪಾದ್ರಿಗಳ ಹೆಸರಿಟ್ಟಿತು. ಅಂಗಾತ ಹಾರಿದರೂ ನಿಲ್ಲದ ಇಂಜಿನ್, ಪೆಟ್ರೋಲ್ ಟ್ಯಾಂಕು ಮಾತ್ರ ಮುಂದಿನ ಸೀಟಿನ ಜಾಗಕ್ಕೆ. ಯಾರನ್ನು ಟ್ಯಾಂಕಿನಡಿಯಿಂದ ಬಿಡಿಸಲು ರೆಕ್ಕೆಯನ್ನೇ ಬಾಗಿಸಿದರೋ ಆ ಮೇಷ್ಟ್ರ ಸೀಟಿನಲ್ಲಿ ಈಗ ಗೊಬ್ಬರ, ಇಲ್ಲವೇ ಟ್ಯಾಂಕು. ರೆಕ್ಕೆಯ ಓರೆ ಮಾತ್ರ ಹಾಗೇ ಉಳಿಯಿತು.

ನಮ್ಮಲ್ಲಿ ಟೈಗರ್ ಮಾತ್‌ಗೆ ನಿವೃತ್ತಿ ಕೊಡಿಸಿದ್ದು ಬೆಂಗಳೂರು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಶುರು ಮಾಡಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, ಎಂದರೆ ಇಂದಿನ ಎಚ್‌ಎಎಲ್, ಯುದ್ಧದುದ್ದಕ್ಕೂ ಬೇರೆಯವರ ವಿಮಾನ ರಿಪೇರಿಯಲ್ಲಿ ಕೈ ಪಳಗಿಸಿಕೊಂಡಿತ್ತು. ಜರ್ಮನಿಯ ಗಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಬಳಿ ಕಲಿತು ಬಂದು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪಾಠ ಹೇಳಿದ ವಿ.ಎಂ. ಘಾಟಗೆ ಅಲ್ಲಿಗೆ ಬಂದು ದೇಶದ್ದೇ ಆದ ತರಬೇತಿ ವಿಮಾನದ ವಿನ್ಯಾಸ ಮಾಡಿದರು. ಹೆಸರಿನಲ್ಲಿ ಪತಂಗ-ಹುಲಿ ಯಾವುದೂ ಇಲ್ಲ. ಹಿಂದುಸ್ತಾನ್ ಟ್ರೇನರ್-2, ಎಚ್‌ಟಿ-2. ಬಟ್ಟೆ ಹೋಗಿ ಲೋಹದ ತಗಡು ಬಂತು, ಎರಡು ಜೊತೆ ರೆಕ್ಕೆ ಹೋಗಿ ಕೆಳಗೊಂದೇ ಜೊತೆ ಉಳಿಯಿತು, ಸೀಟುಗಳ ಮೇಲೆ ಸರಿಸುವ ಗಾಜಿನ ಮುಚ್ಚಿಗೆ ಕೂತಿತು. ಮೇಷ್ಟ್ರು-ಶಿಷ್ಯರ ತಲೆಯ ಮೇಲೆ ಈಗ ಟ್ಯಾಂಕೂ ಇಲ್ಲ, ಕಂಬವೂ ಇಲ್ಲ.

1951ರ ಆಗಸ್ಟಿನಲ್ಲಿ ಕ್ಯಾಪ್ಟನ್ ಜಮ್‌ಷೆಡ್ ಮುನ್ಷಿ ಅದನ್ನು ಬೆಂಗಳೂರಿನ ಆಕಾಶಕ್ಕೆ ಒಯ್ದರು. ಮುಂದೆ ನೂರೈವತ್ತಕ್ಕೂ ಹೆಚ್ಚು ತಯಾರಾಗಿ ಕೆಲವು ಘಾನಾ ದೇಶಕ್ಕೂ ಹೋದವು. ಹಳೆಯ ವಿಮಾನ ನಿಲ್ದಾಣದ ರಸ್ತೆಯ ಎಚ್‌ಎಎಲ್‌ನ ಮ್ಯೂಸಿಯಮ್ಮಿಗೆ ಹೋದವರು ಮರದ ನೆರಳಿನಲ್ಲಿ ನಿಂತ ಎಚ್‌ಟಿ-2ರ ಪಕ್ಕ ಮಕ್ಕಳನ್ನು ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಟೈಗರ್ ಮಾತ್ ನೋಡಬೇಕೆಂದರೆ ವಾಯುಪಡೆಯವರು ಇಂಗ್ಲೆಂಡಿನಲ್ಲಿ ಸರಿಮಾಡಿಸಿ ತಂದ ಎಚ್‌ಯು-512 ಇದೆ. 2012ರ ಅಕ್ಟೋಬರ್ 8ರಂದು, ವಾಯುಪಡೆಗೆ ಎಂಬತ್ತು ತುಂಬಿದ ದಿನ, ಅದು ಹಿಂಡನ್‌ನಲ್ಲಿ ಸುಖೋಯ್‌ಗಳ ಜೊತೆ ಹಾರಿತು.

ಎಚ್‌ಟಿ-2ರ ಆ ಮೊದಲ ಹಾರಾಟದ ದಿನ ಅದರ ಮೂಗಿನಲ್ಲಿ ಇದ್ದದ್ದು ಜಿಪ್ಸಿ ಮೇಜರ್. ಟೈಗರ್ ಮಾತ್‌ನ ಇಂಜಿನ್ನೇ, ಒಂದಿಷ್ಟು ಬಲ ಕೂಡಿಸಿಕೊಂಡದ್ದು. ಮರುವರ್ಷ ಫೆಬ್ರವರಿಯಲ್ಲಿ ಹಾರಿದ ಎರಡನೆಯ ಮಾದರಿಗೆ ಅದನ್ನು ಬದಲಿಸಿ 155 ಅಶ್ವಶಕ್ತಿಯ ಬೇರೊಂದು ಇಂಜಿನ್ ಕೂರಿಸಿದರು, ಅದರ ಸಿಲಿಂಡರುಗಳೂ ನಾಲ್ಕು, ಅವೂ ತಲೆಕೆಳಗು. ಹೆಸರು ಸಿರಸ್ ಮೇಜರ್.